32 ಹಾಕಿಬಿಡೋಣ ಬಿಡಿ ಸಾರ್

ಬಚ್ಚಲುಮನೆಯ ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಪದೇಪದೇ ಬೀಳುತ್ತಿದೆ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿ. ಎಂಸಿಬಿಗಳ ಪೆಟ್ಟಿಗೆಯ, ಅಂದರೆ ಡಿಬಿಯ, ಮುಚ್ಚಳ ತೆಗೆಯುವ ಮೊದಲೇ ರೋಗ ಪತ್ತೆಯಾಗಿರುತ್ತದೆ. "16 ಇದೆ ಸಾರ್, ತಡೀತಾ ಇಲ್ಲ. 32 ಹಾಕಿಬಿಡೋಣ ಬಿಡಿ." ಆ 32 ಆಂಪಿನ ಎಂಸಿಬಿ ಚೀಲದಿಂದ ಹೊರಬರುವ ವೇಗ ನೋಡಿದರೆ, ಯಾವ ಮನೆಗೆ ಯಾವ ಕೆಲಸಕ್ಕೆ ಹೊರಟರೂ ಅದೊಂದು ಜೊತೆಗಿರುತ್ತದೆ ಅನ್ನಿಸುತ್ತದೆ. ಹಾಕಿದ ಮೇಲೆ ಅದು ನಿಜಕ್ಕೂ ಬೀಳುವುದಿಲ್ಲ. ಮನೆಮಂದಿಗೆ ಸಮಾಧಾನ, ಬಂದವರಿಗೆ ಕೂಲಿ. ಗೋಡೆಯೊಳಗೆ ಹೂತುಹೋಗಿರುವ ವೈರನ್ನು ಮಾತ್ರ ಯಾರೂ ಒಂದು ಮಾತು ಕೇಳಿರುವುದಿಲ್ಲ.

ಕೇಳಬೇಕಾದದ್ದು ಅದನ್ನೇ. ಎಂಸಿಬಿ ಕಾಯುವುದು ವೈರನ್ನು. ಗೀಸರ್ ಸುಟ್ಟರೆ ಅದಕ್ಕೆ ದುಃಖವಿಲ್ಲ, ನಿಮಗೆ ಶಾಕ್ ಹೊಡೆದರೆ ಅದರ ಗಮನಕ್ಕೇ ಬರುವುದಿಲ್ಲ. ಹಾಗಾಗಿ ಲೆಕ್ಕದ ಸಾಲು ಹೀಗೆ: ಉಪಕರಣ ಎಳೆಯುವ ಆಂಪ್‌ಗಿಂತ ಎಂಸಿಬಿ ದೊಡ್ಡದಿರಬೇಕು, ಎಂಸಿಬಿಗಿಂತ ವೈರಿನ ತಾಕತ್ತು ದೊಡ್ಡದಿರಬೇಕು. 230 ವೋಲ್ಟ್‌ನಲ್ಲಿ 3 ಕಿಲೋವ್ಯಾಟ್ ಗೀಸರ್ ಎಳೆಯುವುದು 13 ಆಂಪ್. 2 ಕಿಲೋವ್ಯಾಟಿನದು 9ಕ್ಕಿಂತ ಕಮ್ಮಿ. ಎರಡಕ್ಕೂ 16ರ ಎಂಸಿಬಿ ಧಾರಾಳವಾಯಿತು. 4.5 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಆದರೆ 20 ಆಂಪ್ ಹತ್ತಿರ ಎಳೆಯುತ್ತದೆ. ಅದಕ್ಕೆ 25ರ ಎಂಸಿಬಿ, 4 ಸ್ಕ್ವೇರ್ ಎಂಎಂ ದಪ್ಪದ ವೈರ್. ನಿಮ್ಮದು ಎಷ್ಟು ಕಿಲೋವ್ಯಾಟ್ ಎಂದು ಗೀಸರಿನ ಮೇಲೇ ಬರೆದಿರುತ್ತದೆ. ಆ ಚೀಟಿ ಗೋಡೆ ಕಡೆಗೆ ಮುಖ ಮಾಡಿಕೊಂಡಿದ್ದರೆ ಮೊಬೈಲ್ ತೂರಿಸಿ ಫೋಟೋ ತೆಗೆದು ಓದಿಕೊಳ್ಳಿ.

ಈಗ 32ರ ವಿಷಯಕ್ಕೆ ಬರೋಣ. 32 ಎಂದು ಬರೆದಿದ್ದರೆ 33ಕ್ಕೆ ಬೀಳುತ್ತದೆ ಎಂದು ನಂಬಿದವರು ಬಹಳ ಜನ. ನಿಯಮದ ಪ್ರಕಾರ ಮನೆಬಳಕೆಯ ಎಂಸಿಬಿ ತನ್ನ ಅಂಕಿಯ 1.13 ಪಟ್ಟು ಕರೆಂಟಿಗೆ ಒಂದು ಗಂಟೆಯೊಳಗೆ ಬೀಳಲೇಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬಿದ್ದರೆ ಸಾಕು. ಅಂದರೆ 36 ಆಂಪ್ ಹರಿಯುತ್ತಿದ್ದರೂ ನಮ್ಮ 32 ಅಲ್ಲಾಡುವುದಿಲ್ಲ. 46 ಆಂಪ್ ಬಂದಾಗಲೂ ಗಂಟೆ ಹತ್ತಿರ ಯೋಚಿಸುವ ಹಕ್ಕು ಅದಕ್ಕಿದೆ. ಇತ್ತ ಗೋಡೆಯೊಳಗಿರುವುದು 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್. 30 ಡಿಗ್ರಿ ಶಾಖದಲ್ಲಿ, ಪೈಪಿನಲ್ಲಿ ಅದೊಂದೇ ಸರ್ಕ್ಯೂಟ್ ಇದ್ದರೆ, ವೈರಿನ ತಾಕತ್ತಿನ ಕೋಷ್ಟಕ ಅದಕ್ಕೆ ಕೊಡುವುದು 24 ಆಂಪ್.

ಅದೊಂದೇ ಇದ್ದರೆ! ಆದರೆ ಗೋಡೆ ಕೊರೆಯುವುದು ಕಷ್ಟದ ಕೆಲಸ ನೋಡಿ, ಹಾಗಾಗಿ ಒಂದೇ ಪೈಪಿನಲ್ಲಿ ಗೀಸರಿನದು, ವಾಷಿಂಗ್ ಮೆಷೀನಿನದು, ಪಕ್ಕದ ಕೋಣೆಯ ಎಸಿಯದು ಎಲ್ಲವನ್ನೂ ತುರುಕಿರುತ್ತಾರೆ. ಒಂದೇ ಕಂಬಳಿಯಡಿ ಮೂವರು ಮಲಗಿದಂತೆ ಒಬ್ಬರ ಬಿಸಿ ಇನ್ನೊಬ್ಬರಿಗೆ. ಮೂರು ಸರ್ಕ್ಯೂಟ್ ತುಂಬಿ ಹರಿಯುತ್ತಿದ್ದರೆ 0.7ರಿಂದ ಗುಣಿಸಬೇಕು. ಸುತ್ತಲ ಶಾಖ 40 ಡಿಗ್ರಿ ಇದ್ದರೆ ಮತ್ತೆ 0.87ರಿಂದ. 24 ಹೋಗಿ 14.6 ಆಯಿತು. ಅಂದರೆ ಇಂಥ ಪೈಪಿನಲ್ಲಿ 2.5ರ ವೈರಿಗೆ 16ರ ಎಂಸಿಬಿಯೇ ಜಾಸ್ತಿ. 4 ಸ್ಕ್ವೇರ್ ಎಂಎಂ ಎಳೆದಿದ್ದರೆ 32 ಆಂಪ್ ಇದ್ದದ್ದು 19.5ಕ್ಕೆ ಇಳಿಯುತ್ತದೆ, 16ಕ್ಕೆ ನೆಮ್ಮದಿಯಾಗಿ ಸಾಲುತ್ತದೆ. ಗೀಸರಿಗೆ ಬೇರೆ ಪೈಪ್ ಹಾಕುವುದು ಇನ್ನೂ ಒಳ್ಳೆಯದು. ಇದನ್ನೆಲ್ಲ ಹೇಳಿದರೆ ಎದುರಿನವರು ಪ್ಲೇಯರ್ ಕೆಳಗಿಟ್ಟು, ಕರುಣೆಯಿಂದ ನೋಡಿ, "ಏನೂ ಆಗಲ್ಲ ಸಾರ್" ಅನ್ನುತ್ತಾರೆ.

ಹಾಗಾದರೆ 13 ಆಂಪ್ ಗೀಸರಿಗೆ 16ರ ಎಂಸಿಬಿ ಯಾಕೆ ಬೀಳುತ್ತದೆ? ಬೀಳುವ ಹೊತ್ತು ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಸ್ವಿಚ್ ಹಾಕಿದ ತಕ್ಷಣ ಫಟ್ ಅಂದರೆ ಶಾರ್ಟ್. ಹತ್ತು-ಹದಿನೈದು ನಿಮಿಷ ಬಿಟ್ಟು ಬಿದ್ದರೆ ಲೋಡ್ ಜಾಸ್ತಿ, ಇಲ್ಲವೇ ಎಲ್ಲೋ ಲೂಸ್ ಇದೆ. ಅದೇ ಎಂಸಿಬಿಗೆ ಹೇರ್ ಡ್ರೈಯರನ್ನೋ ವಾಷಿಂಗ್ ಮೆಷೀನನ್ನೋ ಕೊಟ್ಟಿದ್ದರೆ ಅದು ಲೋಡ್. ಲೂಸ್ ಆಗುವುದಕ್ಕೆ ಮೂಲ ಇನ್ನೊಂದು ಕೈಚಳಕ: 4ರ ವೈರ್ ಸಾಕೆಟ್ಟಿನ ತೂತಿಗೆ ಹಿಡಿಸಲಿಲ್ಲ ಎಂದು ನಾಲ್ಕಾರು ಎಳೆ ಕತ್ತರಿಸಿ ತೂರಿಸುವುದು. ಗೋಡೆಯುದ್ದಕ್ಕೂ 4, ಕೊನೆಯ ಅರ್ಧ ಇಂಚಿನಲ್ಲಿ 2! ಸ್ಕ್ರೂ ಅಡಿಯಲ್ಲಿ 0.1 ಓಮ್ ತೊಡಕಾದರೂ 13 ಆಂಪ್ ಹರಿದಾಗ ಅಲ್ಲಿ 17 ವ್ಯಾಟ್ ಶಾಖ, ಅದೂ ಬೆರಳ ತುದಿಯಷ್ಟು ಜಾಗದಲ್ಲಿ. ಎಂಸಿಬಿಯ ಸ್ಕ್ರೂ ಸಡಿಲವಾಗಿದ್ದರೆ ಆ ಬಿಸಿ ಒಳಗಿನ ಲೋಹದ ಪಟ್ಟಿಯನ್ನು ಬಗ್ಗಿಸುತ್ತದೆ, ಅದು ಲೋಡ್ ಜಾಸ್ತಿಯಾಯಿತೆಂದು ತಿಳಿದು ಬೀಳುತ್ತದೆ. ಮೇನ್ ಆಫ್ ಮಾಡಿ ಸ್ಕ್ರೂ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ 32 ಬಂದು ಕೂತಿತು.

ಇನ್ನು, ಇದೆಲ್ಲ ನಡೆಯುವ ಮುಹೂರ್ತ. ತಲೆಗೆ ಶಾಂಪೂ, ಕಣ್ಣಿಗೆ ನೊರೆ, ಕೈಗೆ ಚೊಂಬು ಸಿಗದಿರುವ ಕ್ಷಣದಲ್ಲೇ ಬಚ್ಚಲು ಕತ್ತಲಾಗಬೇಕು. ಒಳಗಿನಿಂದ "ರೀ, ಕರೆಂಟು!" ಎಂಬ ಕೂಗು. ಹೊರಗಿನವರು ಡಿಬಿ ತೆರೆದರೆ ಹನ್ನೆರಡು ಸ್ವಿಚ್, ಒಂದಕ್ಕೂ ಹೆಸರಿಲ್ಲ. ಮೊದಲನೆಯದನ್ನು ಒತ್ತುತ್ತಾರೆ, ಹಾಲ್‌ನ ಟಿವಿ ಹೋಯಿತು. ಟಿವಿಯ ಮುಂದಿದ್ದವರದು ಇನ್ನೊಂದು ಕೂಗು. ಎರಡನೆಯದು ಫ್ರಿಜ್ಜು. ಕೊನೆಗೆ ಬಿದ್ದಿರುವುದೇ ಸಿಕ್ಕಿದರೂ ಮೇಲೆ ನಿಲ್ಲುತ್ತಿಲ್ಲ, ಯಾಕೆಂದರೆ ಕೆಲವು ಎಂಸಿಬಿಗಳ ಹಿಡಿ ಬಿದ್ದಾಗ ನಡುವಿನಲ್ಲಿ ನಿಲ್ಲುತ್ತದೆ. ಪೂರ್ತಿ ಕೆಳಗೆ ಎಳೆದು ಆಮೇಲೆ ಎತ್ತಬೇಕು. ಇದನ್ನು ಬಚ್ಚಲಿನಿಂದ ಕಿರುಚಿ ವಿವರಿಸುವ ಕಷ್ಟ ಕಿರುಚಿದವರಿಗೇ ಗೊತ್ತು. "ಕೆಳಗೆ, ಕೆಳಗೆ!" "ಕೆಳಗೇ ಇದೆಯಲ್ಲ!" "ಇನ್ನೂ ಕೆಳಗೆ!" ಅಷ್ಟರಲ್ಲಿ ಹೊರಗಿನವರು ಹಿಡಿಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ನಿಂತಿರುತ್ತಾರೆ. ಪ್ರಯೋಜನವಿಲ್ಲ. ಹಿಡಿ ಮೇಲಿದ್ದರೂ ಒಳಗಿನ ಯಂತ್ರ ತನ್ನ ಪಾಡಿಗೆ ಬಿಟ್ಟುಕೊಳ್ಳುವಂತೆಯೇ ಮಾಡಿರುತ್ತಾರೆ.

ಈ ನಾಟಕ ತಪ್ಪಿಸುವುದು ಸುಲಭ. ಬಚ್ಚಲಿನ ಲೈಟಿಗೆ 1.5ರ ವೈರಿನಲ್ಲಿ 6ರ ಎಂಸಿಬಿ, ಗೀಸರಿನಿಂದ ಬೇರೆಯಾಗಿ. ಕರೆಂಟು ಲೀಕ್ ಆದರೆ ಬೀಳುವ ಆರ್‌ಸಿಸಿಬಿಯೂ ಇಡೀ ಮನೆಗೆ ಒಂದೇ ಇದ್ದರೆ ಗೀಸರ್ ಲೀಕ್ ಆದಾಗ ಎಲ್ಲರೂ ಕತ್ತಲಲ್ಲಿ; ಗೀಸರಿಗೆ ಪ್ರತ್ಯೇಕ ಆರ್‌ಸಿಬಿಓ (ಎಂಸಿಬಿ, ಆರ್‌ಸಿಸಿಬಿ ಎರಡೂ ಒಂದರಲ್ಲೇ) ಹಾಕಿಸಿದರೆ ಅದಷ್ಟೇ ಬೀಳುತ್ತದೆ.

ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಬಚ್ಚಲಿಗೆ 30 ಮಿಲಿ ಆಂಪಿನದೇ ಬೇಕು. 100, 300ರದು ಬೆಂಕಿ ತಡೆಯಲು. 16ರ ಎಂಸಿಬಿಗೆ 30 ಮಿಲಿ ಆಂಪ್ ಅಂದರೆ ಅದರ ಅಂಕಿಯ ಐನೂರನೇ ಒಂದು ಪಾಲಿಗೂ ಕಮ್ಮಿ, ಅದಕ್ಕೆ ತಿಳಿಯುವುದೂ ಇಲ್ಲ. ಹಾಗೆಯೇ ಲೋಡ್ ಜಾಸ್ತಿಯಾದರೆ ಆರ್‌ಸಿಸಿಬಿಗೆ ತಿಳಿಯುವುದಿಲ್ಲ, ಎರಡೂ ಬೇಕು. ಆರ್‌ಸಿಸಿಬಿ ಬಿದ್ದರೆ ಬರುವ ಸಲಹೆ ಇನ್ನೂ ಭಯಂಕರ: "ಸುಮ್ನೆ ತೊಂದ್ರೆ ಕೊಡ್ತದೆ, ಡೈರೆಕ್ಟ್ ಮಾಡಿಬಿಡ್ಲಾ?" ಬೇಡ. ಗೀಸರಿನ ಪ್ಲಗ್ ಕಿತ್ತು ನೋಡಿ. ಸ್ವಿಚ್ ಆಫ್ ಮಾಡಿದರೆ ಸಾಲದು: ಸಾಮಾನ್ಯ ಸ್ವಿಚ್ ಕಡಿಯುವುದು ಫೇಸ್ ಮಾತ್ರ, ನ್ಯೂಟ್ರಲ್ ಅರ್ತಿಗೆ ತಗುಲಿದ್ದರೂ ಆರ್‌ಸಿಸಿಬಿ ಬೀಳಬಹುದು. ಎರಡನ್ನೂ ಕಡಿಯುವ ಡಿಪಿ ಸ್ವಿಚ್ ಗೀಸರಿಗೆ ಹಾಕಬೇಕು ಅನ್ನುವುದು ಇದಕ್ಕೂ ಸೇರಿಯೇ. ಪ್ಲಗ್ ಕಿತ್ತ ಮೇಲೆ ಬೀಳದೆ ನಿಂತರೆ ತಪ್ಪು ಗೀಸರಿನದು, ಹೆಚ್ಚಾಗಿ ಕಾಯಿಲ್ ಒಡೆದಿರುತ್ತದೆ. ಆಗಲೂ ಬಿದ್ದರೆ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಎಲ್ಲೋ ಬೆರೆತಿದೆಯೇ ಹುಡುಕಿಸಿ. ಅರ್ತಿನ ಹಸಿರು ವೈರ್ ಫೇಸಿನಷ್ಟೇ ದಪ್ಪ ಇರಲಿ.

ಪಿಂಗಾಣಿ ಫ್ಯೂಸಿನ ಕಾಲದಲ್ಲಿ ಇಷ್ಟು ಜಾಣತನ ಇರಲಿಲ್ಲ. ಆದರೆ ಮನೆಗೊಬ್ಬ ಹಿರಿಯರಿಗೆ ಫ್ಯೂಸ್ ವೈರ್ ಸುತ್ತಿದ ಕಾರ್ಡು ಎಲ್ಲಿದೆ, ಮೇಣದಬತ್ತಿ ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತಿತ್ತು. ಸುಟ್ಟ ತಂತಿಯನ್ನು ಬೆಳಕಿಗೆ ಹಿಡಿದು, ಯಾಕೆ ಹೋಯಿತಪ್ಪಾ ಎಂದು ಒಂದು ನಿಮಿಷ ಯೋಚಿಸುತ್ತಿದ್ದರು. ಈಗ ಹಿಡಿ ಎತ್ತಿದರಾಯಿತು, ಆ ಒಂದು ನಿಮಿಷವೇ ಹೋಯಿತು. (ಅವರಲ್ಲೂ ಕೆಲವರು ಯೋಚಿಸಿದ ಮೇಲೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದರು ಬಿಡಿ. ಅವರ ವಂಶದವರೇ ಈಗ 32 ಹಿಡಿದು ಓಡಾಡುತ್ತಿರುವುದು.)

ಸಾಕೆಟ್ಟು ಷವರಿನಡಿ ಬೇಡವೇ ಬೇಡ. ನೀರು ಬೀಳುವ ಜಾಗದ ಅಂಚಿನಿಂದ 60 ಸೆಂಟಿಮೀಟರ್ ತನಕ, 2.25 ಮೀಟರ್ ಎತ್ತರದವರೆಗೆ, ಸಾಕೆಟ್ ಇಡಬಾರದ ವಲಯ ಎಂದು ಲೆಕ್ಕವಿದೆ.

ಕೆಲಸ ಮುಗಿದ ಮೇಲೆ ಇಷ್ಟು ಮಾಡಿ. ಮೇನ್ ಆಫ್ ಇರುವಾಗಲೇ ಪ್ರತಿ ವೈರನ್ನೂ ಮೆಲ್ಲಗೆ ಎಳೆದು ತೋರಿಸಲು ಹೇಳಿ, ಕೈಗೆ ಬಂದರೆ ಮತ್ತೆ ಹಾಕಿಸಿ. ಪ್ರತಿ ಎಂಸಿಬಿಯಡಿ ಹೆಸರು ಬರೆಸಿ. ಕರೆಂಟ್ ಕೊಟ್ಟು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ, ಬೀಳಬೇಕು. ಗೀಸರನ್ನು ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಪ್ಲಗ್ಗನ್ನು ಮುಟ್ಟಿ. ಕೈ ಇಡಲಾರದಷ್ಟು ಸುಡುತ್ತಿದ್ದರೆ ಪಿನ್ನೋ ಸ್ಕ್ರೂವೋ ಸಡಿಲ ಇದೆ ಎಂದೇ ಅರ್ಥ, ಅವರು ಚೀಲ ಕಟ್ಟುವ ಮೊದಲೇ ತೋರಿಸಿ. ತೋರಿಸಿದರೆ ಅವರು ತಾವೂ ಮುಟ್ಟಿ ನೋಡಿ, ಒಂದಿಷ್ಟೂ ಗಾಬರಿಯಿಲ್ಲದೆ ಹೇಳುತ್ತಾರೆ: "ಗೀಸರ್ ಅಲ್ವಾ ಸಾರ್, ಬಿಸಿ ಆಗಲೇಬೇಕು."