ವಿಶ್ವವಿದ್ಯಾಲಯಕ್ಕೆ ಊರ ಉಸಾಬರಿ ಬೇಡವಂತೆ

ಈಗಷ್ಟೇ ಒಂದು ಘಟಿಕೋತ್ಸವದಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. "ಪಾಠ ಮಾಡೋದು, ಕೆಲಸ ಕೊಡಿಸೋದು, ವಿಶ್ವವಿದ್ಯಾಲಯಕ್ಕೆ ಇಷ್ಟೇ ಸಾಕು. ಊರ ಉಸಾಬರಿ ನಮಗ್ಯಾಕೆ?" ಅಂದರು ಮುಖ್ಯ ಅತಿಥಿಗಳು. ಜೋರು ಚಪ್ಪಾಳೆ. ನನಗೆ ಕೈ ಏಳಲಿಲ್ಲ. ಫಾದರ್ ಇಗ್ನಾಸಿಯೋ ಎಯಾಕುರಿಯಾ ನೆನಪಾದರು.

ನನ್ನ ಬಾಯಲ್ಲಿ ಈ ಹೆಸರು ಕೇಳಿ ನಿಮಗೆ ಸಾಕಾಗಿರಬಹುದು. ಆದರೂ ಹೇಳುತ್ತೇನೆ.

ಅವರು ಸ್ಪೇನಿನ ಬಾಸ್ಕ್ ಸೀಮೆಯ ಪಾದ್ರಿ, ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸಂಘದವರು, ಹುಟ್ಟಿದ್ದು 1930ರಲ್ಲಿ. ಹರೆಯದಲ್ಲೇ ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್‌ಗೆ ಬಂದರು. 1979ರಲ್ಲಿ ಅಲ್ಲಿನ ಮಧ್ಯ ಅಮೆರಿಕ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಮರುವರ್ಷವೇ ಅಲ್ಲಿನ ಆರ್ಚ್‌ಬಿಷಪ್ ರೊಮೆರೊ ಪೂಜೆ ನಡೆಸುತ್ತಿದ್ದಾಗಲೇ ಗುಂಡೇಟಿಗೆ ಬಲಿಯಾದರು. ಆಮೇಲೆ ಸರ್ಕಾರಕ್ಕೂ ಎಡಪಂಥೀಯ ಗೆರಿಲ್ಲಾಗಳಿಗೂ 12 ವರ್ಷ ಅಂತರ್ಯುದ್ಧ. ಸತ್ತವರು ಸುಮಾರು 75,000. ಗೇಟಿನಾಚೆ ಹೆಣ ಬೀಳುತ್ತಿರುವಾಗ ಒಳಗೆ ಸಿಲಬಸ್ ಮುಗಿಸುತ್ತಾ ಕೂರಬೇಕಿತ್ತಾ?

ಅವರೇನು ಬಂದೂಕು ಹಿಡಿಯಲಿಲ್ಲ. ವಿಶ್ವವಿದ್ಯಾಲಯಕ್ಕೆ ಗೊತ್ತಿರುವ ಕೆಲಸವನ್ನೇ ಮಾಡಿದರು. ಜೊತೆಗಿದ್ದ ಪಾದ್ರಿ ಮಾರ್ಟಿನ್-ಬಾರೊ ಮನಶ್ಶಾಸ್ತ್ರಜ್ಞ. ಬಾಯಿ ಬಿಡಲು ಹೆದರುವ ಜನರ ಮನಸ್ಸಿನಲ್ಲಿ ಏನಿದೆ ಅಂತ ಸಮೀಕ್ಷೆ ಮಾಡಿಸಿದರು. ಇನ್ನೊಬ್ಬ ಪಾದ್ರಿ ಸೆಗುಂಡೊ ಮಾಂಟೆಸ್, ಯುದ್ಧಕ್ಕೆ ಹೆದರಿ ಊರು ಬಿಟ್ಟವರ ಪಾಡನ್ನು ದಾಖಲಿಸಿದರು. ಎಯಾಕುರಿಯಾ ಸರ್ಕಾರಕ್ಕೂ ಗೆರಿಲ್ಲಾಗಳಿಗೂ ಮಾತುಕತೆಗೆ ಕೂರಿ ಅಂತ ಬರೆದರು, ಮತ್ತೆ ಮತ್ತೆ ಹೇಳಿದರು. 1982ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಅವರೂ ಒಂದು ಘಟಿಕೋತ್ಸವ ಭಾಷಣ ಮಾಡಿದ್ದರು. ದನಿ ಇಲ್ಲದವರಿಗೆ ವಿಶ್ವವಿದ್ಯಾಲಯ ದನಿಯಾಗಬೇಕು ಅಂದಿದ್ದರು. ಘಟಿಕೋತ್ಸವದಲ್ಲಿ ಮಕ್ಕಳಿಗೆ ಹೇಳಬೇಕಾದ ಮಾತು ಅದು, ಅಲ್ವಾ?

1989ರ ನವೆಂಬರ್ 16, ಇನ್ನೂ ಬೆಳಕು ಹರಿದಿರಲಿಲ್ಲ. ಎಲ್ ಸಾಲ್ವಡಾರ್ ಸರ್ಕಾರಿ ಸೇನೆಯ, ಅಮೆರಿಕದ ತರಬೇತಿ ಪಡೆದ ಅಟ್ಲಾಕಟ್ಲ್ ಬೆಟಾಲಿಯನ್ನಿನ ಸೈನಿಕರು ಕ್ಯಾಂಪಸ್ಸಿಗೆ ನುಗ್ಗಿದರು. ಎಯಾಕುರಿಯಾ ಮತ್ತು ಜೊತೆಯವರನ್ನು ಹಿತ್ತಲ ಹುಲ್ಲಿನ ಮೇಲೆ ಬೋರಲು ಮಲಗಿಸಿ ಗುಂಡು ಹೊಡೆದರು. ಆರು ಪಾದ್ರಿಗಳು ಸತ್ತರು. ಇದು ಗೆರಿಲ್ಲಾಗಳ ಕೆಲಸ ಅಂತ ತೋರಿಸಲು ಒಂದು ಬರಹವನ್ನೂ ಬಿಟ್ಟು ಹೋದರು.

"ರಾಜಕೀಯಕ್ಕೆ ಕೈ ಹಾಕಿದರೆ ಇನ್ನೇನಾಗುತ್ತೆ? ಸುಮ್ನೆ ಇದ್ದಿದ್ದರೆ ಬದುಕ್ತಿದ್ದರು" ಅನ್ನುವವರಿದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಪಾದ್ರಿಗಳಿಗೆ ಅಡುಗೆ ಮಾಡುತ್ತಿದ್ದ ಎಲ್ಬಾ ರಾಮೋಸ್, ಆಕೆಯ ಹದಿಹರೆಯದ ಮಗಳು ಸೆಲಿನಾ ಆ ರಾತ್ರಿ ಅಲ್ಲೇ ಮಲಗಿದ್ದರು. ತಮ್ಮ ಮನೆ ಹತ್ತಿರ ಗುಂಡಿನ ಸದ್ದು ಜಾಸ್ತಿ, ಇಲ್ಲಾದರೆ ಭಯವಿಲ್ಲ ಅಂತ ಬಂದವರು. ಅವರು ಸುಮ್ನೇ ಇದ್ದರು. ಯಾವ ಭಾಷಣ ಮಾಡಿದವರಲ್ಲ, ಒಂದು ಸಾಲು ಬರೆದವರಲ್ಲ. ಸಾಕ್ಷಿ ಉಳಿಯಬಾರದು ಅಂತ ಮೇಲಿನಿಂದ ಆದೇಶವಿತ್ತು. ಅದಕ್ಕೇ ಇಬ್ಬರನ್ನೂ ಕೊಂದರು.

2020ರಲ್ಲಿ ಸ್ಪೇನಿನ ನ್ಯಾಯಾಲಯ ಎಲ್ ಸಾಲ್ವಡಾರ್ ಸೇನೆಯ ಒಬ್ಬ ಮಾಜಿ ಕರ್ನಲ್‌ಗೆ 133 ವರ್ಷ ಶಿಕ್ಷೆ ಕೊಟ್ಟಿತು. ಅದೂ ಸ್ಪೇನ್ ಮೂಲದ ಐವರು ಪಾದ್ರಿಗಳ ಕೊಲೆಗೆ ಮಾತ್ರ. ಎಲ್ಬಾ, ಸೆಲಿನಾ ಕೊಲೆಯ ಲೆಕ್ಕ ಆ ಶಿಕ್ಷೆಯಲ್ಲಿ ಸೇರಿಲ್ಲ.