ಎರಡು ಪಂಪ್ ಸಾಕು

ಕಾಲ ಬದಲಾಗಿದ್ದು ನನಗೆ ಮೊದಲು ತಿಳಿಯುವುದು ಕಾಫಿ ಶಾಪಿನ ಬೋರ್ಡಿನಿಂದ. ಚಳಿ ಇನ್ನೂ ಬಂದೇ ಇರುವುದಿಲ್ಲ, ಅಲ್ಲಿ ಆಗಲೇ ಚಕ್ಕೆ, ಜಾಯಿಕಾಯಿ, ಕ್ಯಾರಮೆಲ್ ಎಲ್ಲಾ ಬಂದು ಕೂತಿರುತ್ತವೆ. ಕೆಳಗೆ ‘ಕೆಲವೇ ದಿನ ಮಾತ್ರ’ ಅಂತ ಒಂದು ಸಾಲು. ಮುಂದಿನ ವರ್ಷವೂ ಇದೇ ಬೋರ್ಡು ಬರುತ್ತದೆ ಅಂತ ಗೊತ್ತು. ಆದರೂ ಕಾಲು ಕ್ಯೂ ಕಡೆಗೇ ಹೋಗುತ್ತದೆ.

ಹೀಗೇ ಒಮ್ಮೆ ಕೌಂಟರಿನ ಪಕ್ಕ ಕಾಯುತ್ತಾ ನಿಂತಿದ್ದೆ. ಒಳಗಿದ್ದ ಹುಡುಗ ಸಿರಪ್ ಬಾಟಲಿಯ ತಲೆ ಒತ್ತುತ್ತಿದ್ದ. ಪಿಚಕ್, ಪಿಚಕ್, ಪಿಚಕ್, ಪಿಚಕ್. ನಾಲ್ಕು ಸಲ! ಸಾಮಾನ್ಯ ಸಿರಪ್ ಆದರೆ ಒಂದು ಒತ್ತಿಗೆ, ಅಂದರೆ ಒಂದು ಪಂಪಿಗೆ, ಸುಮಾರು 5 ಗ್ರಾಂ ಸಕ್ಕರೆ. ನಾಲ್ಕಕ್ಕೆ ಹತ್ತಿರ ಹತ್ತಿರ ಐದು ಟೀ ಚಮಚ. ಮನೆಯಲ್ಲಿ ಯಾರಾದರೂ ನನ್ನ ಲೋಟಕ್ಕೆ ಅಷ್ಟು ಸುರಿದರೆ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಬಾಟಲಿಯಿಂದ ಬಂದಾಗ ಮಾತ್ರ ಅದು ‘ಫ್ಲೇವರ್’. ಹೀಗೆ ಮೇಲಿಂದ ಹಾಕುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಒಂದೇ ಕಪ್ಪಿಗೆ ಇಡೀ ದಿನದ ಲೆಕ್ಕ ಮುಗಿಯುತ್ತಾ ಬಂತು. ಮೇಲೆ ಕ್ರೀಮಿನ ಜುಟ್ಟು, ಅದರ ಮೇಲೆ ಸಾಸಿನ ಗೆರೆ. ಮೂಗಿಗಿಂತ ಮೂಗುತಿ ಭಾರ.

ಮರುವಾರ ಸುಧಾರಣೆಗೆ ಇಳಿದೆ. ಸಿರಪ್ ಬೇಡ, ಕ್ರೀಮ್ ಬೇಡ, ಸಾಸ್ ಬೇಡ ಎಂದೆ. ಹುಡುಗ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಬರೀ ಕಾಫಿ, ಅಲ್ವಾ ಸರ್?” ಎಂದ. ಹೂ ಬಳ್ಳಿ ಬರೆದ ಹಬ್ಬದ ಕಪ್ಪಿನಲ್ಲಿ ಬರೀ ಕಾಫಿ ಹಿಡಿದು ಕೂತೆ. ಆ ಬೇಜಾರಿಗೆ ಒಂದು ಕುಕ್ಕಿ ತಿಂದೆ. ಲೆಕ್ಕ ಮತ್ತೆ ಮೊದಲಿನ ಜಾಗಕ್ಕೇ ಬಂತು.

ಸಕ್ಕರೆ ಇಲ್ಲದ ಸಿರಪ್ಪೂ ನೋಡಿದೆ. ಕುಡಿದು ಅರ್ಧ ಗಂಟೆಯಾದರೂ ನಾಲಿಗೆಯಿಂದ ಇಳಿಯಲಿಲ್ಲ, ಬಿಟ್ಟೆ. ಓಟ್ಸ್ ಹಾಲು ಅಂದರೆ ಸಕ್ಕರೆಯೇ ಇಲ್ಲ ಅಂದುಕೊಂಡಿದ್ದೆ. ಅದನ್ನು ಮಾಡುವಾಗ ಓಟ್ಸ್‌ನ ಪಿಷ್ಟ ಒಡೆದು ಸಕ್ಕರೆಯಾಗುತ್ತದಂತೆ. ಮಸಾಲೆ ಚಹಾದ ಲಾಟೆ (ನೊರೆ ಹಾಲು ಬೆರೆಸಿದ್ದು) ಇನ್ನೂ ಜಾಣ. ಎಷ್ಟೋ ಕಡೆ ಅದರ ಡಿಕಾಕ್ಷನ್ನಿಗೆ ಮೊದಲೇ ಸಕ್ಕರೆ ಬೆರೆತಿರುತ್ತದೆ. ನಾವು ಕೌಂಟರಿನಲ್ಲಿ ‘ಶುಗರ್ ಬೇಡ’ ಎನ್ನುವುದು ಸುಮ್ನೆ ನಮ್ಮ ಸಮಾಧಾನಕ್ಕೆ.

ನನಗೆ ದಾರಿ ತೋರಿಸಿದ್ದು ಕುಂಬಳಕಾಯಿ. ಸ್ಟಾರ್‌ಬಕ್ಸ್‌ನವರು ಪಂಪ್ಕಿನ್ ಸ್ಪೈಸ್ ಲಾಟೆ, ಅಂದರೆ ಕುಂಬಳಕಾಯಿ ಮಸಾಲೆಯ ಕಾಫಿ, ಶುರು ಮಾಡಿದ್ದು 2003ರಲ್ಲಿ. ಅದಕ್ಕೆ ನಿಜವಾದ ಕುಂಬಳಕಾಯಿ ಬಿದ್ದಿದ್ದು 2015ರಲ್ಲಿ! ಹನ್ನೆರಡು ವರ್ಷ ಜನ ಚಕ್ಕೆ, ಶುಂಠಿ, ಲವಂಗ, ಜಾಯಿಕಾಯಿಯ ಘಮಕ್ಕೇ ಕುಂಬಳಕಾಯಿ ಅಂತ ಚಪ್ಪರಿಸಿದರು. ಅಂದರೆ ಚಳಿಗಾಲದ ರುಚಿ ಇರುವುದು ಮಸಾಲೆಯಲ್ಲಿ. ಅದನ್ನು ಮೇಲೆ ಉದುರಿಸಲು ಸಕ್ಕರೆ ಯಾಕೆ ಬೇಕು? ಚಕ್ಕೆ ಪುಡಿ ಬಿಸಿ ನೊರೆಗೆ ತಾಗಿದರೆ ಸಾಕು, ಮೂಗು ನಾಲಿಗೆಗೆ ಚಾಡಿ ಹೇಳುತ್ತದೆ: ಸಿಹಿಯಾಗಿದೆ ಅಂತ.

ಈಗ ಚಿಕ್ಕ ಕಪ್ಪು, ಮಾಮೂಲಿ ಹಾಲು, ಮೇಲೆ ಚಕ್ಕೆ ಪುಡಿ, ಸಿರಪ್ ಎರಡೇ ಪಂಪ್. ಕ್ರೀಮು ಹುಟ್ಟುಹಬ್ಬಕ್ಕೆ.

ಮೊನ್ನೆಯೂ ಹಾಗೇ ಹೇಳಿದೆ. ಪಿಚಕ್, ಪಿಚಕ್. ಅಭ್ಯಾಸ ನೋಡಿ, ಹುಡುಗನ ಕೈ ಮೂರನೆಯದಕ್ಕೂ ಹೋಗಿ ಬಾಟಲಿಯ ಮೇಲೇ ನಿಂತಿತು. ನನ್ನ ಮುಖ ನೋಡಿದ. ನಾನು ಬೋರ್ಡು ಓದುತ್ತಿರುವವನಂತೆ ಆ ಕಡೆ ತಿರುಗಿದೆ.