ತುಂಬಿದಾಗ ಖಾಲಿ, ಕೆಟ್ಟಾಗ ಫುಲ್

ದಾವಣಗೆರೆಯ ಮನೆಗಳಲ್ಲಿ ಮೇಲಿನ ಟ್ಯಾಂಕಿನ ನೀರು ಅಳೆಯುವ ಹಳೇ ಉಪಕರಣವೆಂದರೆ ಮನೆಯ ಕಿರಿಮಗ. "ಏ ತಮ್ಮಾ, ಮ್ಯಾಲೆ ಹತ್ತಿ ನೋಡು, ನೀರು ಐತೇನು?" ಅಂದರೆ ಸಾಕಿತ್ತು. ಅದೇ ತಮ್ಮ ಇಂಜಿನಿಯರಿಂಗ್ ಸೇರಿದ ಮೇಲೆ ಏಣಿ ಹತ್ತುವುದಿಲ್ಲ. ನೋಡ್‌ಎಂಸಿಯು ಬೋರ್ಡು (ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್), ನೀರು ತಾಗಿದರೂ ಕೆಡದ ಜೆಎಸ್‌ಎನ್-ಎಸ್‌ಆರ್04ಟಿ ಸೆನ್ಸರ್, 0.96 ಇಂಚಿನ ಓಎಲ್‌ಇಡಿ ಪರದೆ ತರಿಸುತ್ತಾನೆ.

ಟ್ಯಾಂಕಿನ ಮುಚ್ಚಳದಲ್ಲಿ ಕೂತ ಸೆನ್ಸರ್ ಕೂಗು ಹಾಕುತ್ತದೆ, ನೀರಿಗೆ ಬಡಿದು ಮರಳುವ ಸದ್ದಿಗೆ ಕಾಯುತ್ತದೆ. ಸದ್ದು ಹೋಗಿಬರಲು ಹಿಡಿದ ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ನೀರಿಗಿರುವ ದೂರ, ಸೆಂಟಿಮೀಟರಿನಲ್ಲಿ. ಟ್ಯಾಂಕಿನ ತಳದಿಂದ ಸೆನ್ಸರಿಗೆ 120 ಸೆಂ.ಮೀ. ಇದ್ದು, ಲೆಕ್ಕದಲ್ಲಿ 40 ಬಂದರೆ ನೀರು 80 ಸೆಂ.ಮೀ. ಇಲ್ಲಿಯವರೆಗೆ ಎಲ್ಲರೂ ಜಾಣರೇ.

ಈ ಸೆನ್ಸರಿಗೆ ಸುಮಾರು 20ರಿಂದ 25 ಸೆಂ.ಮೀ. ಒಳಗಿನದ್ದು ಕಾಣುವುದಿಲ್ಲ. ನೀರು ಮೂಗಿನ ಹತ್ತಿರ ಬಂದಾಗಲೇ ಅದು ಬಾಯಿಗೆ ಬಂದ ಅಂಕಿ ಹೇಳುತ್ತದೆ. ಪರದೆ ಅರ್ಧ ಖಾಲಿ ಅನ್ನುತ್ತದೆ, ಮೋಟರ್ ಓಡುತ್ತದೆ, ಪಕ್ಕದ ಮನೆಯವರು ಒಣಹಾಕಿದ ಸಂಡಿಗೆ ಮತ್ತೆ ಹಿಟ್ಟಾಗುತ್ತದೆ. ಮದ್ದು ಸುಲಭ: ಮುಚ್ಚಳದಲ್ಲಿ ಅಗಲ ಕಿಂಡಿ ಕೊರೆದು, ಅದರ ಮೇಲೆ ಬಕೆಟ್ ಬೋರಲು ಹಾಕಿ, ಬಕೆಟ್ಟಿನ ತಳಕ್ಕೆ ಸೆನ್ಸರ್ ಕೂರಿಸಬೇಕು. ನೀರು ಸುರಿಯುವ ಪೈಪಿನಿಂದ ದೂರವಿರಲಿ.

ಇದಕ್ಕಿಂತ ಕಿಡಿಗೇಡಿ ಸೊನ್ನೆ. ವೈರು ಕಳಚಿ ಸದ್ದು ಮರಳದಿದ್ದರೆ ಆರ್ಡುಯಿನೋ ಪ್ರೋಗ್ರಾಂನಲ್ಲಿ ಸಮಯ ಅಳೆಯುವ ಆಜ್ಞೆ ಪಲ್ಸ್‌ಇನ್ 0 ಕೊಡುತ್ತದೆ. ದೂರ ಸೊನ್ನೆ ಅಂದರೆ ನೀರು ಸೆನ್ಸರಿಗೇ ತಾಗಿದೆ ಎಂದು ಪ್ರೋಗ್ರಾಂ ನಂಬಿ "ಫುಲ್" ಎಂದು ತೋರಿಸುತ್ತದೆ. ಬಚ್ಚಲಲ್ಲಿ ಮೈತುಂಬ ಸೋಪು ಹಚ್ಚಿಕೊಂಡ ಮಾವನವರಿಗೆ ಸತ್ಯ ತಿಳಿಯುವುದು ನಲ್ಲಿ ಗೊರಗೊರ ಅಂದಾಗ. ಸೊನ್ನೆ ಬಂದರೆ "ಸೆನ್ಸರ್ ಕೆಟ್ಟಿದೆ" ಎಂದು ಬರೆಸಿ. ಐದು ಸಲ ಅಳೆದು, ಸಾಲಾಗಿ ಜೋಡಿಸಿ ನಡುವಿನದನ್ನು ಹಿಡಿಯಿರಿ. ಸರಾಸರಿ ಬೇಡ, ಒಂದು ಹುಚ್ಚು ಅಂಕಿ ಉಳಿದ ನಾಲ್ಕನ್ನೂ ಕೆಡಿಸುತ್ತದೆ.

ಸೆನ್ಸರಿಗೆ 5 ವೋಲ್ಟ್ ಕೊಟ್ಟರೆ ಬೋರ್ಡಿಗೆ ಉತ್ತರ ಕಳಿಸುವ ಅದರ ಎಕೋ ಕಾಲಿನಿಂದಲೂ (ಪಿನ್) 5 ವೋಲ್ಟೇ ಬರುತ್ತದೆ, ಬೋರ್ಡಿಗೆ ಬೇಕಾದ್ದು 3.3. ಎಕೋದಿಂದ ಬೋರ್ಡಿಗೆ 1 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋ ಓಮ್ ರೆಸಿಸ್ಟರ್ ಹಾಕಿ.

ಏಪ್ರಿಲ್ ಬಿಸಿಲಲ್ಲಿ ಇನ್ನೊಂದು ತಮಾಷೆ. ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40ರಲ್ಲಿ ಸುಮಾರು 355. 58ರ ಲೆಕ್ಕ 20 ಡಿಗ್ರಿಯದ್ದು, ಹಾಗಾಗಿ ಮೀಟರ್ ದೂರಕ್ಕೆ ಮೂರು ಸೆಂ.ಮೀ.ಗೂ ಹೆಚ್ಚು ನೀರು ಪುಕ್ಕಟೆ ಸಿಗುತ್ತದೆ, ಪರದೆಯ ಮೇಲೆ ಮಾತ್ರ. ಸರಿಪಡಿಸಲು ಡಿಎಸ್18ಬಿ20 ತಾಪಮಾಪಕ ಸೇರಿಸಬಹುದು. ಅದರ ಡೇಟಾ ವೈರಿನಿಂದ 3.3 ವೋಲ್ಟಿಗೆ 4.7 ಕಿಲೋ ಓಮ್ ರೆಸಿಸ್ಟರ್ ಬೇಕು. ವೈರು ಸಡಿಲವಾದರೆ ಅದು −127 ಡಿಗ್ರಿ ಎನ್ನುತ್ತದೆ. ಚಿತ್ರದುರ್ಗದ ಕಲ್ಲುಕೋಟೆಗೂ ಅಷ್ಟು ಚಳಿ ತಡೆಯಲಾಗದು.

ಪರದೆ ಕಪ್ಪಗಿದ್ದರೆ ಅಂಗಡಿಯವನನ್ನು ಬೈಯುವ ಮುಂಚೆ, ಬೋರ್ಡು ಪರದೆಯನ್ನು ಕರೆಯುವ ವಿಳಾಸ ನೋಡಿ. ಬೆನ್ನಿಗೆ 0ಎಕ್ಸ್78 ಎಂದು ಅಚ್ಚಾಗಿದ್ದರೂ ಪ್ರೋಗ್ರಾಂನಲ್ಲಿ ಬರೆಯಬೇಕಾದ್ದು 0ಎಕ್ಸ್3ಸಿ. ಎಲ್ಲ ಮುಗಿದ ಮೇಲೆ ಟ್ಯಾಂಕಿಗೆ ಕೋಲು ಇಳಿಸಿ, ಪರದೆಯ ಅಂಕಿ ತಾಳೆಯಾಗುತ್ತದೋ ನೋಡಬೇಕು. ಅದಕ್ಕೆ ತಮ್ಮ ಏಣಿ ಹತ್ತಲೇಬೇಕು.